ಒರೆಸಿದ ಐದು ಸೇಬು

ಮುದಕಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ರಿಫೈನರಿಯಲ್ಲಿ ಪೈಪು ವೆಲ್ಡಿಂಗ್ ಮಾಡುವ ಈ ಮನುಷ್ಯ, ಮಂಗಫ್ ಬಡಾವಣೆಯ ತನ್ನ ಮನೆಯ ತಾರಸಿಯಲ್ಲಿ ಅರ್ಧ ಡ್ರಮ್ಮಿಗೆ ಮಣ್ಣು ತುಂಬಿ ನಾಲ್ಕು ವರ್ಷ ಸೇಬಿನ ಗಿಡ ಸಾಕಿದ್ದ. ಕುವೈತಿನ ಬಿಸಿಲಿಗೆ ಸೇಬೇ ಎಂದು ನಕ್ಕವರೆಲ್ಲ ಕನ್ನಡಿಗರ ಫಲಮೇಳಕ್ಕೆ ಬರುವವರೇ. ಬಹುಮಾನ ಹಾಳಾಗಲಿ, ಇದು ಮುದಕಪ್ಪ ಬೆಳೆದದ್ದು ಎಂದು ಅವರು ಒಪ್ಪಬೇಕು. ಅಷ್ಟೇ ಅವನ ಹಟ.

ಮೇಳದಲ್ಲಿ ಒಂದು ಕಟ್ಟಳೆ: ಹಣ್ಣಿನ ಮೈಮೇಲಿನ ಸಹಜವಾದ ಬಿಳಿ ಪುಡಿ ಅಳಿಸಿರಬಾರದು. ಅದನ್ನು ಹೆಂಡತಿಗೆ ಹೇಳದೆಯೇ ಅವನು ಐದು ಹಣ್ಣು ಕಿತ್ತಿಟ್ಟು ಡ್ಯೂಟಿಗೆ ಹೋದ. ಬೆಳಗಾದರೆ ಕಿಟಕಿ, ಪಾತ್ರೆ, ದೇವರ ಫೋಟೋ ಎಲ್ಲದರ ಮರಳಧೂಳು ಒರೆಸುವ ಅನ್ನಪೂರ್ಣೆವ್ವ ಇದೂ ಧೂಳೇ ಅಂದುಕೊಂಡಳು. ಹನಿ ಕೊಬ್ಬರಿ ಎಣ್ಣೆ ಸವರಿ, ಮಿರಮಿರ ಮಿಂಚಿಸಿ, ತಟ್ಟೆಯಲ್ಲಿ ಜೋಡಿಸಿ ಮೇಳ ನಡೆಯುವ ಹಾಲಿಗೆ ಒಯ್ದಿಟ್ಟಳು.

ಕಂಪನಿ ಬಸ್ಸಿಳಿದು ಮುದಕಪ್ಪ ಹಾಲಿಗೆ ಬಂದಾಗ, ಪಕ್ಕದ ತಟ್ಟೆಗೆ ನಿಂಬೆ ತಂದಿದ್ದ ಡೋಲ್ಫಿ ಜನ ಸೇರಿಸಿಕೊಂಡು ಹೇಳುತ್ತಿದ್ದ, "ಮೇಣ ಹಚ್ಚಿದ್ದು ಕಾಣ್ತದಲ್ಲ ಮಾರಾಯ್ರೆ. ಇದು ಅಂಗಡಿಯ ಹಣ್ಣು."

ಮೊದಲ ಗುದ್ದಿಗೆ ಡೋಲ್ಫಿಯ ಹಲ್ಲು ಮುರಿಯಿತು. ಎರಡನೆಯದಕ್ಕೆ ಮೇಜು ಮಗುಚಿ, ಅವನು ನಿಂಬೆಗಳ ನಡುವೆ ಬಿದ್ದ. ಮುದಕಪ್ಪ ಅವನ ಎದೆಯ ಮೇಲೆ ಕೂತು ತಲೆಯನ್ನು ಟೈಲ್ಸಿಗೆ ಅಪ್ಪಳಿಸಿದ, ಮತ್ತೆ ಅಪ್ಪಳಿಸಿದ. ಬಿಡಿಸಲು ಬಂದವನ ಕೈ ಕಚ್ಚಿದ. ಡೋಲ್ಫಿಯ ಕಿವಿಯಿಂದ ರಕ್ತ ಇಳಿಯಿತು.

"ಬಿಡ್ರಿ," ಅನ್ನಪೂರ್ಣೆವ್ವ ಅವನ ರಟ್ಟೆ ಹಿಡಿದಳು. "ಒರಿಸಿದಾಕಿ ನಾನ. ಧೂಳ ಅನಕೊಂಡೆ."

ಎತ್ತಿದ ಮುಷ್ಟಿ ಅಲ್ಲೇ ನಿಂತಿತು. ಕಂಡದ್ದನ್ನೇ ಹೇಳಿದ್ದ ಡೋಲ್ಫಿ. ಮುದಕಪ್ಪ ಅವನ ಎದೆಯ ಮೇಲಿಂದ ಇಳಿದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಉಸಿರು ಗೊರಗೊರ ಎನ್ನುತ್ತಿದ್ದ ಡೋಲ್ಫಿಯನ್ನು ಹೊತ್ತು ಜನವೆಲ್ಲ ಆಸ್ಪತ್ರೆಗೆ ಓಡಿದರು. ಬಂದ ಇಬ್ಬರು ಪೊಲೀಸರು ಮುದಕಪ್ಪನ ಇಕಾಮಾ ಎಂಬ ವಾಸದ ಪರವಾನಗಿ ಕಾರ್ಡು ಕಿತ್ತುಕೊಂಡು ಕೈಗೆ ಬೇಡಿ ಹಾಕಿದರು. ತೀರ್ಪು ಕೊಡಲು ಬಂದಿದ್ದ ಫ್ರೀಡಾ ಬಾಯಿ ಮಾತ್ರ ನೆಲಕ್ಕುರುಳಿದ್ದ ಒಂದು ಸೇಬು ಹೆಕ್ಕಿ ಚಾಕುವಿನಿಂದ ಸೀಳಿದರು. ತಟ್ಟೆಗೊಂದು ಹಣ್ಣು ಕೊಯ್ದು ನೋಡುವುದು ಅವರ ಪದ್ಧತಿ. ಒಳಗೆ ಜೀವಂತ ಹುಳ ಹೊರಳಿತು.

"ಮದ್ದು ಹೊಡೆದ ಅಂಗಡಿ ಹಣ್ಣಲ್ಲಿ ಇದು ಬದುಕುವುದಿಲ್ಲ," ಎಂದು ಚೀಟಿ ಬರೆದು ಓದಿದರು, "ಮನೆಯಲ್ಲೇ ಬೆಳೆದದ್ದು. ಒರೆಸಿದ್ದಕ್ಕೆ ಬಹುಮಾನವಿಲ್ಲ."

"ಇನ್ನೊಮ್ಮೆ ಓದ್ರಿ ಬಾಯಿ," ಅಂದ ಮುದಕಪ್ಪ. "ಎಲ್ಲಾರಿಗೂ ಕೇಳೋಹಂಗ."

ಅವರು ಗಟ್ಟಿಯಾಗಿ ಓದಿದರು. ಕೇಳುವುದಕ್ಕೆ ಕನ್ನಡ ಬಾರದ ಇಬ್ಬರು ಪೊಲೀಸರು, ನೆಲದ ರಕ್ತವನ್ನು ಸೆರಗಿನಿಂದ ಒರೆಸುತ್ತ ಕೂತ ಅನ್ನಪೂರ್ಣೆವ್ವ ಅಷ್ಟೇ ಉಳಿದಿದ್ದರು.