ಪಕ್ಕದ ಜಾಗ

"ಪಕ್ಕದ ಜಾಗವನ್ನು ಇನ್ನೊಂದು ಕುಟುಂಬ ಕೇಳುತ್ತಿದೆ. ಶುಕ್ರವಾರದವರೆಗೆ ಮಾತ್ರ ನಿಮಗಾಗಿ ಹಿಡಿದಿಡಬಹುದು," ಎಂದು ಇಂಗ್ಲಿಷಿನಲ್ಲಿ ಹೇಳಿತು ಫೋನಿನೊಳಗಿನ ಹೆಣ್ಣುದನಿ. ಜೇನು ಸವರಿದಂಥ ದನಿ. ಇಷ್ಟು ಸಿಹಿಯಾಗಿ ಮಾತಾಡುವವರು ಒಂದೋ ಏನಾದರೂ ಮಾರುತ್ತಿರಬೇಕು, ಇಲ್ಲವೇ ಏನಾದರೂ ಮುಚ್ಚಿಡುತ್ತಿರಬೇಕು ಎಂಬುದು ಜಯಲಕ್ಷ್ಮಿಯ ಖಚಿತ ಅಭಿಪ್ರಾಯ.

ಫೋನು ಅವಳದಲ್ಲ, ಗಂಡ ಪ್ರವೀಣಕುಮಾರನದು. ಅವನು ಗರಾಜಿನಲ್ಲಿ ಕೂತು ಕಾರಿನ ಚಳಿಗಾಲದ ಟೈರು ಬಿಚ್ಚುತ್ತಿದ್ದ. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಇವಳು, ಅದು ಹೊಡೆದುಕೊಳ್ಳುವುದನ್ನು ಕೇಳಲಾರದೆ ಎತ್ತಿಕೊಂಡಿದ್ದಳು.

"ಯಾವ ಜಾಗ? ಪಾರ್ಕಿಂಗಾ?"

"ಅಲ್ಲ ಮೇಡಂ. ನಿಮ್ಮ ಪತಿಯ ಸಮಾಧಿಯ ಪಕ್ಕದ್ದು."

ಸಾಸಿವೆ ಸೀದು ಕಪ್ಪಾಯಿತು. ಆ ಹೆಂಗಸಿನ ಹೆಸರು ಡಯಾನ್. ವುಡ್‌ಬ್ರಿಡ್ಜ್ ಕಡೆಯ ಒಂದು ಸ್ಮಶಾನದ ಆಫೀಸಿನವಳು. ಪ್ರವೀಣಕುಮಾರ ತನ್ನ ಅಂತ್ಯಕ್ರಿಯೆಗೆ ಪ್ರೀಪೇಯ್ಡ್ ಪ್ಲ್ಯಾನು ಆರಿಸಿ, ತನಗೊಂದು ಜಾಗವನ್ನೂ ಕೊಂಡು ಮುಗಿಸಿದ್ದಾನಂತೆ. ಅದರ ಪಕ್ಕದ್ದನ್ನು ಸ್ವಲ್ಪ ದಿನ ಯಾರಿಗೂ ಕೊಡಬೇಡಿ ಎಂದು ಕೇಳಿಕೊಂಡಿದ್ದಾನಂತೆ. ಜಯಲಕ್ಷ್ಮಿಗೆ ಪ್ರೀಪೇಯ್ಡ್ ಫೋನು ಗೊತ್ತಿತ್ತು. ಪ್ರೀಪೇಯ್ಡ್ ಸಾವು ಗೊತ್ತಿರಲಿಲ್ಲ.

ಬೇರೆಯವಳಾಗಿದ್ದರೆ ಸೌಟು ಹಿಡಿದುಕೊಂಡೇ ಗರಾಜಿಗೆ ಓಡುತ್ತಿದ್ದಳು. ಇವಳು ಓಡಲಿಲ್ಲ. ಮೈಸೂರಿನ ಅಗ್ರಹಾರದಲ್ಲಿ, ಹಾಲಿನವನು ಅಳೆದು ಕೊಟ್ಟ ಹಾಲನ್ನು ಒಳಗೆ ತಂದು ಇನ್ನೊಮ್ಮೆ ಅಳೆಯುತ್ತಿದ್ದ ಮನೆಯಲ್ಲಿ ಬೆಳೆದವಳು. ಈ ಪರದೇಶದ ಸ್ಟ್ರೀಟ್ಸ್‌ವಿಲ್‌ಗೆ ಬಂದು ಇಷ್ಟು ಕಾಲವಾದರೂ ಅಂಗಡಿ ಬಿಲ್ಲನ್ನು ಪಾರ್ಕಿಂಗ್ ಲಾಟಿನಲ್ಲೇ ನಿಂತು ತಾಳೆ ನೋಡುತ್ತಾಳೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅದು ಇವಳನ್ನು ನೋಡಿಯೇ ಹೇಳಿದ್ದಿರಬೇಕು. ಹಾಗಾಗಿ ಮೊದಲು ಸಾಕ್ಷಿ ಹುಡುಕಿದಳು. ಗಂಡನ ಮಾತ್ರೆ ಡಬ್ಬಿ ತೆಗೆದು ನೋಡಿದಳು: ಅದೇ ಹಳೇ ಬಿಪಿ ಮಾತ್ರೆ, ಹೊಸದೇನಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾನಾ ಎಂದು ಅವನ ಬೆನ್ನಿಗೇ ಹತ್ತಿದಳು. ಏದುಸಿರು ಬಂದದ್ದು ಅವಳಿಗೆ. ಸರಿ, ಕಾಯಿಲೆಯಲ್ಲ. ಕಾಯಿಲೆಯಲ್ಲದಿದ್ದರೆ ಮತ್ತೇನು? ಪಕ್ಕದ ಜಾಗ ಯಾರಿಗೆ? ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ಈ ಪ್ರಶ್ನೆ ಅವಳನ್ನು ಕಾಡತೊಡಗಿತು.

ಮರುದಿನ ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟಳು.

"ವುಡ್‌ಬ್ರಿಡ್ಜಲ್ಲಿ ಯಾರಿದಾರೆ?"

ಪ್ರವೀಣಕುಮಾರನ ಕೈ ತಟ್ಟೆಯಲ್ಲೇ ನಿಂತಿತು. "ಫೋನ್ ಬಂದಿತ್ತೇನು?"

"ನಾನು ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿ."

ಒಂದೇ ಕಾಲೇಜಿನಲ್ಲಿ ಓದಿ, ಮೆಚ್ಚಿ ಮದುವೆಯಾದವರು; ಇಬ್ಬರ ಸಂಸಾರ ಏಕವಚನದಲ್ಲೇ ಸಾಗಿತ್ತು. ಅವಳು ಬಹುವಚನಕ್ಕೆ ಏರಿದಳೆಂದರೆ ಪರಿಸ್ಥಿತಿ ಕೆಟ್ಟಿದೆ ಎಂದು ಅವನಿಗೆ ಗೊತ್ತು.

"ಆರಾಮ ಅದೀನಿ, ಜಯಾ. ಏನೂ ಆಗಿಲ್ಲ ನನಗ," ಎಂದ. ಗದಗ ಬಿಟ್ಟು ಎಷ್ಟು ವರ್ಷವಾದರೂ ಗದಗ ಅವನ ನಾಲಿಗೆ ಬಿಟ್ಟಿರಲಿಲ್ಲ. "ಹೋದ ಥಂಡಿಯೊಳಗ ಬ್ರಾಂಪ್ಟನ್‌ದಾಗ ನಮ್ಮ ಪೈಕಿ ಹಿರ್ಯಾರೊಬ್ರು ತೀರಿಕೊಂಡ್ರಲ್ಲ, ಅವರ ಮಕ್ಕಳು ಗಾಬರ್ಯಾಗಿ ಎಲ್ಲಿಗೋ ಫೋನ್ ಮಾಡಿದ್ರು. ಅಲ್ಲಿಯವ್ರು 'ಹಿಂದೂ ಪ್ಯಾಕೇಜ್' ಅಂತ ಬರಕೊಂಡು ಒಯ್ದು ಸುಟ್ಟುಬಿಟ್ರು! ಲಿಂಗಾಯತ್ರು ಅವರು, ಮಣ್ಣಿಗೆ ಹೋಗಬೇಕಾದವ್ರು. ಕೊರಳಾನ ಲಿಂಗ ಏನಾತು ಅಂತ ಸೈತ ಯಾರಿಗೂ ಗೊತ್ತಿಲ್ಲ. ನಮ್ಮ ಮಗಳಿಗೆ ತಾನ ಏನ ಗೊತ್ತಾಗತದ? ನಿಧಿ ಇಲ್ಲೇ ಹುಟ್ಟಿದಾಕಿ. ಅದಕ್ಕ ನಾನ ಮುಂದಾಗಿ ಮಾಡಿಟ್ಟೆ. ಕುಂಡ್ರಿಸಿ ಮಣ್ಣು ಮಾಡೂದು ಅಲ್ಲಿ ಆಗಂಗಿಲ್ಲಂತ, ಮಲಗಸ್ತಾರ. ಇರ್ಲಿ. ವಿಭೂತಿ, ಕೈಯಾಗ ಲಿಂಗ, ಅದಕ್ಕೆಲ್ಲಾ ಹೂಂ ಅಂದಾರ."

"ಒಂದೇ ಯಾಕೆ ತಗೊಂಡ್ರಿ?"

ಅವನು ಮೊಸರನ್ನ ಕಲಸತೊಡಗಿದ.

"ಇಷ್ಟು ವರ್ಷ ಒಂದೇ ಮಂಚ, ಸತ್ತ ಮೇಲೆ ಸಿಂಗಲ್ ರೂಮಾ? ಭೇಷ್! ಅದು ಸಾಲದು ಅಂತ ಪಕ್ಕದ್ದು ಹೋಲ್ಡ್ ಮಾಡಿ ಅಂದಿದ್ದೀರಂತಲ್ಲ, ಅದು ಯಾರಿಗೆ?"

"ನಿಮ್ಮ ಮಂದಿ ಸುಡ್ತಾರಲ್ಲ..." ಎಂದು ಗೊಣಗಿ ಅವನು ಕೈತೊಳೆಯಲು ಎದ್ದ. ತಟ್ಟೆಯಲ್ಲಿ ಮೊಸರನ್ನ ಹಾಗೇ ಇತ್ತು. ಮೊಸರನ್ನ ಬಿಟ್ಟು ಎದ್ದವನ ಹೊಟ್ಟೆಯೊಳಗೆ ಏನೋ ಇದೆ ಎಂದು ಜಯಲಕ್ಷ್ಮಿ ತೀರ್ಮಾನಿಸಿದಳು. ತನ್ನನ್ನು ಬಿಟ್ಟು ಹೋಗುವ ಏರ್ಪಾಟನ್ನು ಇವನು ಎಷ್ಟು ಅಚ್ಚುಕಟ್ಟಾಗಿ ಮಾಡಿಕೊಂಡಿದ್ದಾನಲ್ಲ! ಬರ್ತ್‌ಡೇಗೆ ಒಂದು ಸೀರೆ ಆರಿಸು ಅಂದರೆ ಅಂಗಡಿಯಲ್ಲಿ ಕಂಬದ ಹಾಗೆ ನಿಲ್ಲುವ ಗಂಡಸು.

ಶುಕ್ರವಾರ ಬೆಳಗ್ಗೆ ಅವಳೇ ಕಾರು ತೆಗೆದಳು. ಗಂಡನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ವುಡ್‌ಬ್ರಿಡ್ಜಿನ ದಾರಿ ಹಿಡಿದಳು.

ಡಯಾನ್‌ಳ ಮುಖವೂ ದನಿಯಷ್ಟೇ ಸಿಹಿಯಾಗಿತ್ತು. ಮೇಜಿನ ಮೇಲೆ ಟಿಶ್ಯೂ ಡಬ್ಬಿ, ಬಟ್ಟಲಲ್ಲಿ ಪೆಪ್ಪರ್‌ಮೆಂಟು, ಪ್ಲ್ಯಾನುಗಳ ಬಣ್ಣದ ಕ್ಯಾಟಲಾಗು. ಶವಪೆಟ್ಟಿಗೆಗಳಿಗೆ ಕಾರಿನ ಮಾಡೆಲ್ಲುಗಳಿಗೆ ಇಟ್ಟಂಥ ಹೆಸರುಗಳು. ಒಂದು ಪುಟದಲ್ಲಿ ಚೆಂಡುಹೂವಿನ ಚಿತ್ರ. ಈ ಪ್ಲ್ಯಾನಿನೊಂದಿಗೆ ಸಿತಾರ್ ಸಂಗೀತ ಉಚಿತ.

"ಹೆಣಕ್ಕೆ ಸಿತಾರ್ ಯಾಕಂತೆ?" ಎಂದು ಜಯಲಕ್ಷ್ಮಿ ಕನ್ನಡದಲ್ಲಿ ಗೊಣಗಿ, ಇಂಗ್ಲಿಷಿನಲ್ಲಿ ಕೇಳಿದಳು: "ಪಕ್ಕದ ಜಾಗ ಕೇಳುತ್ತಿರುವವರು ಯಾರು?"

"ಕ್ಷಮಿಸಿ, ಹೆಸರು ಹೇಳುವಂತಿಲ್ಲ."

ಜಯಲಕ್ಷ್ಮಿ ಗಂಡನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಮನೆ ಕೊಳ್ಳುವಾಗಲೂ ಇದೇ ನಾಟಕ ನಡೆದಿತ್ತು. ಇನ್ನೊಂದು ಆಫರ್ ಬಂದಿದೆ, ಇವತ್ತೇ ಹೇಳಿ, ನಾಳೆಗಿರಲ್ಲ ಎಂದು ಏಜೆಂಟು ಕುತ್ತಿಗೆ ಮೇಲೆ ಕೂತಿದ್ದ. ಆ ಇನ್ನೊಬ್ಬರ ಮುಖವನ್ನು ಇವರು ಇವತ್ತಿನವರೆಗೆ ಕಂಡಿಲ್ಲ. "ಬರೀ ಓಳು," ಎಂದಳು. "ಯಾರೂ ಇಲ್ಲ, ಏನೂ ಇಲ್ಲ. ನಮ್ಮ ತಲೆಗೆ ಎರಡನೇದು ಕಟ್ಟೋಕೆ ಟ್ರಿಕ್ಕು." ಆಮೇಲೆ ಡಯಾನ್‌ಗೆ ಹೇಳಿದಳು: "ಜಾಗ ನೋಡಬೇಕು."

ಹೊರಗೆ ಹುಲ್ಲು ಇನ್ನೂ ಸರಿಯಾಗಿ ಹಸಿರಾಗಿರಲಿಲ್ಲ. ಹೆಬ್ಬಾತುಗಳು ಇದೆಲ್ಲ ತಮ್ಮಪ್ಪನ ಆಸ್ತಿ ಎಂಬಂತೆ ಕಲ್ಲುಗಳ ನಡುವೆ ಓಡಾಡುತ್ತಿದ್ದವು. ಸಾಲಿನ ಕೊನೆಯಲ್ಲಿ ಪ್ರವೀಣಕುಮಾರನ ಜಾಗ. ಅದಕ್ಕೆ ತಾಗಿ ಖಾಲಿ ಜಾಗ. ಅದರಾಚೆ ಒಂದು ಹೊಸ ಕಲ್ಲು, ಕಲ್ಲಿನಲ್ಲಿ ಟೋಪಿ ಹಾಕಿದ ಮುದುಕನ ಫೋಟೋ.

ಖಾಲಿ ಜಾಗ ಖಾಲಿ ಇರಲಿಲ್ಲ. ಕಪ್ಪು ಕೋಟು ತೊಟ್ಟ ಒಬ್ಬ ಮುದುಕಿ ಅಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಾಲ ಬಳಿ ಒಂದು ಹೂವಿನ ಕುಂಡ. ಊರಿನ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುತ್ತಿದ್ದರಲ್ಲ, ಆ ಕುಂಡವನ್ನು ಇಟ್ಟಿದ್ದು ಹಾಗೆಯೇ.

ಡಯಾನ್‌ಳ ಮುಖ ಕೆಂಪಾಯಿತು. ಮುದುಕಿಗೆ ಹೆಸರಿನ ಗುಟ್ಟೇನೂ ಬೇಕಿರಲಿಲ್ಲ. "ಮೈ ಹಸ್ಬೆಂಡ್," ಎಂದು ಕಲ್ಲನ್ನು ತೋರಿಸಿದಳು. ಇಟಲಿಯವಳು, ಇಂಗ್ಲಿಷು ತುಂಡುತುಂಡು. ಗಂಡ ಇದ್ದಕ್ಕಿದ್ದಂತೆ ಹೋಗಿಬಿಟ್ಟ. ಮಕ್ಕಳು ಅವಸರದಲ್ಲಿ ಒಂದೇ ಜಾಗ ಕೊಂಡರು, ಮಕ್ಕಳಿಗೆ ಬುದ್ಧಿ ಎಲ್ಲಿದೆ? ಅವಳು ತನ್ನ ಕಾಲ ಕೆಳಗಿನ ಹುಲ್ಲನ್ನು ಬೆರಳಿನಿಂದ ಕುಟ್ಟಿ ತೋರಿಸಿದಳು. "ದಿಸ್, ಮೀ." ಆಮೇಲೆ ಕಣ್ಣು ಕಿರಿದು ಮಾಡಿ ಜಯಲಕ್ಷ್ಮಿಯನ್ನು ತಲೆಯಿಂದ ಕಾಲಿನವರೆಗೆ ಅಳೆದಳು. "ಯೂ? ಯೂ ಬೈ?"

ಜಯಲಕ್ಷ್ಮಿಗೆ ಆ ನೋಟದ ಗುರುತು ಹತ್ತಿತು. ಅಂಗಡಿಯವರನ್ನು, ಏಜೆಂಟರನ್ನು, ಈ ಮೂರು ದಿನದಿಂದ ಸ್ವಂತ ಗಂಡನನ್ನು ತಾನು ನೋಡುತ್ತಿದ್ದದ್ದು ಇದೇ ಕಣ್ಣಿನಿಂದ. ಅವಳು ಪ್ರವೀಣಕುಮಾರನ ಕಡೆ ತಿರುಗಿದಳು.

"ಈಗಾದ್ರೂ ಹೇಳಿ. ಯಾರಿಗೆ ಅಂತ ಹಿಡಿಸಿಟ್ಟಿರಿ?"

"ನಿನಗ. ಮತ್ಯಾರಿಗೆ?"

"ನನ್ನನ್ನ ಕೇಳಲಿಲ್ಲ ಯಾಕೆ?"

"ನಿಮ್ಮಪ್ಪಗ ಮಾತು ಕೊಟ್ಟೀನಿ. ನಮ್ಮ ಲಗ್ನದ ದಿನ ರಿಜಿಸ್ಟ್ರಾರ್ ಆಫೀಸಿಗೆ ಕಡೀಗೆ ಬಂದಿದ್ರಲ್ಲ, ನೆನಪದ ಏನು? ನನ್ನ ಬಾಜೂಕ ಕರದು ಅಂದ್ರು, 'ಹುಡುಗೀನ ಕರ್ಕೊಂಡು ಹೋಗಪ್ಪ, ನಾನು ಅಡ್ಡ ಬರಲ್ಲ. ಆದ್ರೆ ಕೊನೇಲಿ ಅವಳನ್ನ ಮಣ್ಣಲ್ಲಿ ಹೂಳಬೇಡ. ನಮ್ಮ ಪದ್ಧತಿ ಪ್ರಕಾರ ಬೆಂಕಿಗೆ ಕೊಡು.' ಅವರ ಕೈ ಹಿಡದು ಹೂಂ ಅಂದೆ. ಈಗ ಇಲ್ಲೆ ಈ ಖಾಲಿ ಜಾಗ ಕಂಡ ಕೂಡ್ಲೆ ಮನಸ್ಸು ತಡೀಲಿಲ್ಲ, ಹೋಲ್ಡ್ ಮಾಡ್ರಿ ಅಂದೆ. ಮನೀಗೆ ಬಂದು ನಿನ್ನ ಮುಂದ ಕುಂತರ ಬಾಯಿ ಬರಲಿಲ್ಲ."

"ಅಂದ್ರೆ ನನ್ನ ಹೆಣ ಎಲ್ಲಿ ಹೋಗಬೇಕು ಅಂತ ನೀವಿಬ್ಬರು ಗಂಡಸರು ಆವತ್ತೇ ತೀರ್ಮಾನ ಮಾಡ್ಕೊಂಡ್ರಾ? ನನ್ನನ್ನ ಒಂದು ಮಾತು ಕೇಳದೆ?" ಅವಳ ದನಿಗೆ ಹೆಬ್ಬಾತುಗಳು ದೂರ ಸರಿದವು. ಸಿಟ್ಟಿಗೆ ಬಂದದ್ದೋ ದುಃಖಕ್ಕೆ ಬಂದದ್ದೋ, ಕಣ್ಣಲ್ಲಿ ನೀರು. ಅಪ್ಪನ ಮೇಲೆ ರೇಗೋಣವೆಂದರೆ ಅಪ್ಪ ಇಲ್ಲ. "ಕೇಳು! ಇವತ್ತಾದ್ರೂ ಬಾಯಿ ಬಿಟ್ಟು ಕೇಳು."

ಏಕವಚನ ವಾಪಸು ಬಂದದ್ದನ್ನು ಪ್ರವೀಣಕುಮಾರ ಗಮನಿಸಿದ. ಗಂಟಲು ಸರಿಮಾಡಿಕೊಂಡ. ಕಾಲೇಜಿನ ಕ್ಯಾಂಟೀನಿನಲ್ಲಿ ಇದೇ ಥರ ಸರಿಮಾಡಿಕೊಂಡು, ಕೊನೆಗೂ ಕೇಳಲಾರದೆ, ಮದುವೆಯ ಮಾತನ್ನು ಅವಳಿಂದಲೇ ಆಡಿಸಿದ್ದವನು.

"ನನ್ನ ಬಾಜೂಕ ಇರ್ತೀಯೇನು, ಜಯಾ?"

ಅವಳು ಖಾಲಿ ಜಾಗವನ್ನು ನೋಡಿದಳು. ಮುದುಕಿ ಕುಂಡದ ಅಂಚು ಹಿಡಿದುಕೊಂಡು ಕೂತಿದ್ದಳು, ಬಿಡುವ ಹಾಗೆ ಕಾಣಲಿಲ್ಲ. ಮಣ್ಣೆಂದರೆ ಜಯಲಕ್ಷ್ಮಿಗೆ ಭಯ, ಸುಳ್ಳು ಯಾಕೆ. ಈ ದೇಶದ ಚಳಿ, ಮೇಲೆ ಹಿಮ, ಒಳಗೆ ಕತ್ತಲೆ. ಬೆಂಕಿಯಾದರೆ ಒಂದು ಗಳಿಗೆ. ಆದರೆ ಇವನು ಇಲ್ಲಿ ಒಬ್ಬನೇ ಮಲಗಿರುವುದನ್ನು ನೆನೆಸಿಕೊಂಡರೆ ಆ ಭಯಕ್ಕಿಂತ ದೊಡ್ಡದೇನೋ ಎದೆಗೆ ಒದ್ದಂತಾಯಿತು.

"ಒಂದೇ ಜಾಗದಲ್ಲಿ ಇಬ್ಬರು ಇರಬಹುದಾ?" ಎಂದು ಡಯಾನ್‌ಳನ್ನು ಕೇಳಿದಳು.

"ಒಬ್ಬರು ಬೂದಿಯಾಗಿದ್ದರೆ ಧಾರಾಳವಾಗಿ. ಪೆಟ್ಟಿಗೆಯ ಮೇಲೆ ಇಡುತ್ತೇವೆ."

"ಯಾರು ಮೊದಲು ಹೋದರೂ?"

"ಯಾರು ಮೊದಲಾದರೂ."

"ಬರೆದು ಕೊಡುತ್ತೀರಾ? ಸಹಿ ಹಾಕಿ?"

"ಕೊಡುತ್ತೇನೆ," ಎಂದಳು ಡಯಾನ್, ಈ ಸಲ ಜೇನಿಲ್ಲದ ದನಿಯಲ್ಲಿ.

"ಹಾಗಾದರೆ ಪಕ್ಕದ್ದು ನಮಗೆ ಬೇಡ."

ಡಯಾನ್ ಬಗ್ಗಿ ನಿಧಾನವಾಗಿ ವಿವರಿಸಿದರೂ ಮುದುಕಿ ನಂಬಲಿಲ್ಲ. ಎದ್ದು ಬಂದು ಜಯಲಕ್ಷ್ಮಿಯ ಮಣಿಕಟ್ಟು ಹಿಡಿದು, ಎಲ್ಲಾದರೂ ಮೋಸವಿದೆಯೇ ಎಂದು ಮುಖವನ್ನೆಲ್ಲ ಹುಡುಕಿದಳು. "ಶ್ಯೂರ್?" ಎಂದಳು. "ಶ್ಯೂರ್," ಎಂದಳು ಜಯಲಕ್ಷ್ಮಿ. ಮುದುಕಿ ಹೋಗಿ ಮತ್ತೆ ಅದೇ ಕುರ್ಚಿಯಲ್ಲಿ ಕೂತಳು.

ಪ್ರವೀಣಕುಮಾರ ಇನ್ನೂ ತನ್ನ ಜಾಗದ ನಟ್ಟನಡುವೆ ನಿಂತಿದ್ದ. "ನಿಮ್ಮಪ್ಪನ್ನ, ನಿಮ್ಮ ತಾಯೀನ, ಎಲ್ಲಾರ್ನೂ ಪಶ್ಚಿಮವಾಹಿನಿಗೆ ಒಯ್ದು ಕಾವೇರಿಗೆ ಬಿಟ್ವಿ. ನೀ ಹೊಳೀಗೆ ಹೋಗೂದು ಬ್ಯಾಡೇನು?"

"ಹೊಳೇಲಿ ನೀನಿರ್ತೀಯಾ?"

ಅವನು ತಲೆ ತಗ್ಗಿಸಿದ.

"ಅಪ್ಪ ಬೆಂಕಿಗೆ ಕೊಡು ಅಂದ್ರು, ಕೊಡ್ತೀಯ. ಬೂದಿ ಎಲ್ಲಿಡಬೇಕು ಅಂತ ಅವರೇನೂ ಹೇಳಲಿಲ್ಲವಲ್ಲ." ಅವಳು ಸೆರಗಿಲ್ಲದ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. "ಮೇಲೆ ಇಡ್ತಾರಂತೆ. ಆಮೇಲೆ ಭಾರ ಅಂತ ಗೊಣಗಬೇಡ."

ಪ್ರವೀಣಕುಮಾರ ನಗಲಿಲ್ಲ. ಕಾಲ ಕೆಳಗಿನ ಹುಲ್ಲನ್ನೊಮ್ಮೆ ನೋಡಿಕೊಂಡು, ಅವಳಿಗೂ ಜಾಗವಾಗುವಂತೆ ಒಂದು ಹೆಜ್ಜೆ ಎಡಕ್ಕೆ ಸರಿದು ನಿಂತ.