ಸೇಬಿನ ಮೇಲೊಂದು ಕೊಳೆತ ಚುಕ್ಕೆ

ಮನೆಯ ಹಿಂದಿನ ಕೋಣೆಯಲ್ಲಿ ಅಣ್ಣ ಚಿತ್ರದ ಮೇಲಿನ ಬಟ್ಟೆ ಎಳೆದ ಮೇಲೆಯೇ ಚಿತ್ರಗಾರ್ತಿ ತಂಗಿಗೆ ತನ್ನ ಎಡವಟ್ಟು ಕಂಡದ್ದು.

ಅತ್ತಿಗೆಗೆ ಆಗ ಏಳು ತಿಂಗಳು. ಮೊದಲು ಹೆತ್ತ ಎರಡು ಕೂಸುಗಳೂ ದಕ್ಕಿರಲಿಲ್ಲ. ಈ ಸಲ ಮಗುವಿನ ಕೋಣೆಗೆ ಹಣ್ಣುಗಳ ಚಿತ್ರ ಬರೆದುಕೊಡು ಎಂದು ಅಣ್ಣನೇ ಕೇಳಿದ್ದ. ಇವಳೂ ಆಸೆಪಟ್ಟು ಬಾಯಿಬಿಟ್ಟ ದಾಳಿಂಬೆ ಬರೆದಳು. ಇಂಥ ಚಿತ್ರಗಳಲ್ಲಿ ಅದಕ್ಕೆ ಮನೆ ತುಂಬ ಮಕ್ಕಳು ಎಂದರ್ಥ. ಪಕ್ಕಕ್ಕೆ ದ್ರಾಕ್ಷಿ, ಒಂದು ಸೇಬು. ಅಷ್ಟಕ್ಕೆ ಸುಮ್ಮನಿರಬೇಕೋ ಬೇಡವೋ? ಕೈಗೆ ಅಂಟಿದ ಚಾಳಿ! ಇವಳ ಗುರುಗಳ ಶಿಷ್ಯರೆಲ್ಲ ಯಾವುದಾದರೂ ಒಂದು ಹಣ್ಣಿಗೆ ಕೊಳೆತ ಚುಕ್ಕೆ ಇಟ್ಟ ಮೇಲೆಯೇ ಕುಂಚ ತೊಳೆಯುವವರು. ಯಾವುದೂ ಉಳಿಯುವುದಿಲ್ಲ ಎಂದು ಅದರರ್ಥ. ಇವಳೂ ರೇಡಿಯೋ ಕೇಳುತ್ತ ಸೇಬಿಗೆ ಒಂದು ಇಟ್ಟುಬಿಟ್ಟಿದ್ದಳು. ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತೋ!

ಅರ್ಥ ಅಣ್ಣನಿಗೂ ಗೊತ್ತಿತ್ತು. ಅವನ ಮುಖ ಕಪ್ಪಿಟ್ಟಿತು.

"ಇವಳ ಕಣ್ಣೆದುರು ಇದನ್ನೇ ಇಡಬೇಕಿತ್ತೇನೇ?" ಎಂದು ಹಿಂದೆ ಕುರ್ಚಿಯಲ್ಲಿ ಕೂತಿದ್ದ ಹೆಂಡತಿಗೆ ಕೇಳದಂತೆ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಈಗಲೇ ಮುಚ್ಚಿಬಿಡ್ತೀನಣ್ಣ." ತಂಗಿ ಕೆಂಪು ಬಣ್ಣದ ಟ್ಯೂಬು ಹುಡುಕಿದಳು. ಬಣ್ಣ ಒಣಗಿ ಅಂಟಿದ ಮುಚ್ಚಳ ತಿರುಗಲೊಲ್ಲದು. ಅಮ್ಮ ಹೋದ ಮೇಲೆ ತನ್ನನ್ನು ಸಾಕಿದ ಅತ್ತಿಗೆ ಇನ್ನು ತನ್ನ ಮುಖ ನೋಡಲಾರಳು ಎನಿಸಿ ಅಳು ಒತ್ತಿಬಂತು.

ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ಎದ್ದು ಬಂದಳು. ಮೂಗು ತಾಗುವಷ್ಟು ಹತ್ತಿರ ನಿಂತು ಸೇಬನ್ನೇ ನೋಡಿದಳು.

"ಏನಿದು?"

"ಏನಿಲ್ಲ, ಬಣ್ಣ ಚೆಲ್ಲಿದೆ," ಎಂದ ಅಣ್ಣ.

"ನಿಮ್ಮನ್ನಲ್ಲ ಕೇಳಿದ್ದು."

ತಂಗಿ ಸುಳ್ಳು ಹೇಳಲು ಬಾಯಿ ತೆರೆದಳು, ಆಗಲಿಲ್ಲ. "ಎಲ್ಲಾ ಒಂದಿನ ಹೋಗತ್ತೆ ಅಂತ, ಅತ್ತಿಗೆ. ಬೇಕೂಂತ ಮಾಡಿಲ್ಲ, ನನ್ನಾಣೆ. ತಪ್ಪಾಯ್ತು."

ಅಣ್ಣ ಟ್ಯೂಬು ಕಸಿದುಕೊಂಡು ತಾನೇ ಮುಚ್ಚಳ ತೆಗೆದ. "ಬಳಿ, ಬೇಗ!"

ತಂಗಿ ಕುಂಚ ಎತ್ತಿದಳು. ಅತ್ತಿಗೆ ಅವಳ ಮಣಿಕಟ್ಟನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು.

"ಮುಟ್ಟಬೇಡ. ನನ್ನ ಕೂಸುಗಳನ್ನ ನನಗೂ ತೋರಿಸದೆ ಒಯ್ದರು. ಆಮೇಲೆ ಈ ಮನೇಲಿ ಯಾರಾದರೂ ಅವುಗಳ ಮಾತೆತ್ತಿದ್ರಾ? ಮನಸ್ಸಿಗೆ ಹಚ್ಕೋಬೇಡ, ಮರೆತುಬಿಡು, ಅಷ್ಟೇ. ನಾನು ಹೆತ್ತೇ ಇಲ್ವೇನೋ ಅನ್ನೋ ಹಾಗೆ!"

ಅತ್ತಿಗೆ ಮತ್ತೆ ಚಿತ್ರದ ಕಡೆ ತಿರುಗಿದಳು.

"ಒಂದೇ ಇಟ್ಟಿದ್ದೀಯಲ್ಲೇ. ಇನ್ನೊಂದು ಇಡು."

ಅಣ್ಣ ಕೆಂಪು ಟ್ಯೂಬನ್ನು ಕೆಳಗಿಟ್ಟ. ಪೆಟ್ಟಿಗೆಯಲ್ಲಿ ತಡಕಾಡಿ ಕಂದು ಬಣ್ಣದ್ದನ್ನು ತೆಗೆದು ತಂಗಿಯ ಕೈಗೆ ಕೊಟ್ಟು, ಹೆಂಡತಿಯ ಪಕ್ಕದಲ್ಲೇ ನೆಲಕ್ಕೆ ಕೂತು ಬಿಕ್ಕಿ ಬಿಕ್ಕಿ ಅತ್ತ.