ಒಂಬತ್ತನೆಯ ಗೂಟ

ಎರಡನೆಯ ಸಲ ಗೂಟ ಹೊಡೆದವನೂ ನಾನೇ. ಸುಬ್ಬಿ ಅತ್ತಿಗೆಯ ನೀರುಳ್ಳಿ ಮಡಿಯ ನಟ್ಟನಡುವೆ, ಅವಳ ಕಣ್ಣೆದುರಿಗೇ ಹೊಡೆದೆ. ನೀರುಳ್ಳಿ ಇನ್ನೂ ಬೆರಳುದ್ದ ಇತ್ತು. ಬಾವಿಯಿಂದ ಕೊಡ ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ಸವೆದು ಹೋಗಿತ್ತು. ಆವತ್ತೂ ತುಂಬಿದ ಕೊಡ ತಲೆಯ ಮೇಲೇ ಇತ್ತು. ಇಳಿಸದೆ ನಿಂತಿದ್ದಳು.

"ಇದೆಂತಕೆ ಮಾಬ್ಲಾ?"

"ಬಸ್ ಸ್ಟ್ಯಾಂಡ್ ಬತ್ತದೆ ಅತ್ಗೆ."

"ಎಲ್ಲಿ?"

"ಇಲ್ಲೇ."

"ನಂಗ್ಳ ಮನೆ?"

ನಾನು ಸುತ್ತಿಗೆ ಎತ್ತಿ ಇನ್ನೊಂದು ಪೆಟ್ಟು ಹಾಕಿದೆ. ಕೂಲಿಗೆ ಬಂದವನು ಉತ್ತರ ಕೊಡಬೇಕಾಗಿಲ್ಲ ಎಂದು ನಂಬಿದ್ದೆ. ನಂಬಿದ್ದೆ ಅನ್ನುವುದೂ ಸುಳ್ಳು. ಹೆದರಿದ್ದೆ.

ಅದು ಚೀನಾ ಯುದ್ಧ ಮುಗಿದ ಮರುವರ್ಷ. ಕುಮಟೆ ಪೇಟೆಯಲ್ಲಿ ಎಲ್ಲಿ ನಿಂತರೂ ಹೊಸ ಹೆದ್ದಾರಿಯದೇ ಮಾತು. ಹೊನ್ನಾವರದ ಕಡೆಯ ಬಸ್ಸು, ಘಟ್ಟ ಇಳಿದು ಬರುವ ಶಿರಸಿ ಬಸ್ಸು, ಎಲ್ಲವೂ ಇಕ್ಕಟ್ಟಿನ ರಸ್ತೆಯಲ್ಲಿ ಎತ್ತಿನ ಗಾಡಿಗಳ ಹಿಂದೆ ಹಾರ್ನ್ ಹೊಡೆಯುತ್ತ ನಿಲ್ಲುತ್ತಿದ್ದವು. ಅದಕ್ಕೇ ಪೇಟೆಯ ತುದಿಗೆ ದೊಡ್ಡ ಬಸ್ ಸ್ಟ್ಯಾಂಡ್ ಆಗಬೇಕು, ಅದರ ಎದುರಿಗೆ ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ ಇರುವ ಮಾಳಿಗೆ ಕಟ್ಟಡಗಳು ಏಳಬೇಕು ಎಂದು ಮೇಲಿನವರು ನೀಲಿ ಕಾಗದದಲ್ಲಿ ಗೆರೆ ಎಳೆದಿದ್ದರು. ಅಳತೆಗೆ ಬಂದ ಓವರ್‌ಸಿಯರ್‌ಗೆ ಸರಪಳಿ ಹಿಡಿಯಲು, ಗೂಟ ಹೊಡೆಯಲು ಒಬ್ಬ ಆಳು ಬೇಕಾಗಿತ್ತು. ಹಾಲಕ್ಕಿ ಒಕ್ಕಲಿಗರ ಕೇರಿಯಾದ ನಮ್ಮ ಕೊಪ್ಪದಿಂದ ನಾನು ಹೋದೆ.

ಮೊದಲ ಸಲ ಹನ್ನೆರಡು ಗೂಟ ಹೊಡೆದೆವು. ತಲೆಗೆ ಬಿಳಿ ಬಣ್ಣ, ಅದರ ಕೆಳಗೆ ಕೆಂಪಿನಲ್ಲಿ ಸಂಖ್ಯೆ. ಹನ್ನೆರಡೂ ಬಿದ್ದದ್ದು ಅನಂತ ಸಾಹುಕಾರರ ಹಂಚಿನ ವಖಾರಿಯ ಅಂಗಳದಲ್ಲಿ. ವಖಾರಿ ಅಂದರೆ ಹಂಚು ಪೇರಿಸಿಟ್ಟ ದೊಡ್ಡ ದಾಸ್ತಾನು ಮಳಿಗೆ. ಅದರ ಪಕ್ಕಕ್ಕೇ ನಮ್ಮ ಕೊಪ್ಪ. ಸಾಹುಕಾರರು ಓವರ್‌ಸಿಯರನ್ನು ಒಳಗೆ ಕರೆದು ಚಾ ಕುಡಿಸಿದರು. ಚಾ ಕುಡಿದು ಮುಗಿಯಲು ಮಧ್ಯಾಹ್ನ ಆಯಿತು. ನಾನು ಹೊರಗೆ ಬಿಸಿಲಲ್ಲಿ ಸರಪಳಿ ಹಿಡಿದು ಕೂತಿದ್ದೆ.

ವಾರ ಕಳೆದು ಓವರ್‌ಸಿಯರ್ ಮತ್ತೆ ಬಂದ. "ಮೊದಲಿನ ಅಳತೆ ತಪ್ಪು. ಗೆರೆ ಆಚೆ ಹೋಗಬೇಕು" ಅಂದ. ಆಚೆ ಅಂದರೆ ನಮ್ಮ ಕೊಪ್ಪ.

ನನಗೆ ಓದು ಬರುವುದಿಲ್ಲ, ಆದರೆ ಇಷ್ಟು ತಿಳಿಯಲು ಓದು ಬೇಕಾಗಿಲ್ಲ. ಬಸ್ ಸ್ಟ್ಯಾಂಡ್ ವಖಾರಿಯ ಮೇಲೇ ಬಂದರೆ ವಖಾರಿ ಹೋಯಿತು. ವಖಾರಿಯ ಎದುರಿಗೆ ಬಂದರೆ ಅದೇ ಜಾಗ ಬಂಗಾರ. ಬಸ್ಸಿನಿಂದ ಇಳಿದವನ ಕಾಲು ಮೊದಲು ಸಾಹುಕಾರರ ಅಂಗಡಿಯ ಮೆಟ್ಟಿಲಿಗೇ. ತಿಳಿದೂ ಬಾಯಿ ಮುಚ್ಚಿಕೊಂಡೆ. ಕಟ್ಟಡ ಆದ ಮೇಲೆ ವಾಚಮನ್ ಕೆಲಸ ನಿನಗೇ ಎಂದು ಓವರ್‌ಸಿಯರ್ ಹೇಳಿದ್ದ. ನನ್ನ ಬಾಯಿಗೆ ಅಷ್ಟೇ ಬೆಲೆ.

ಹಳೆಯ ಗೂಟಗಳನ್ನು ಸಾಹುಕಾರರ ಆಳುಗಳು ಕಿತ್ತು ವಖಾರಿಯ ಹಿಂದಿನ ಹಳ್ಳಕ್ಕೆ ಎಸೆದಿದ್ದರು. ಪೇಟೆಯಲ್ಲಿ ಹರಿವೆ ಸೊಪ್ಪು, ಬದನೆ ಮಾರಿ ಬರುವ ನಮ್ಮ ಹೆಂಗಸರ ದಾರಿ ಅದು. ಕೊಪ್ಪದ ಹೆಂಗಸು ಬರಿಗೈಯಲ್ಲಿ ಮನೆಗೆ ಬರುವುದಿಲ್ಲ. ದಾರಿಯಲ್ಲಿ ಕಂಡ ಕಡ್ಡಿಯೂ ಖಾಲಿ ಬುಟ್ಟಿಗೆ ಬೀಳುತ್ತದೆ. ಸೌದೆಗಾದರೆ ಸೌದೆ, ಚಪ್ಪರಕ್ಕಾದರೆ ಚಪ್ಪರ. ಎರಡೇ ದಿನದಲ್ಲಿ ಹನ್ನೆರಡು ಗೂಟವೂ ಹನ್ನೆರಡು ಮನೆಯ ಬಸಳೆ ಚಪ್ಪರಕ್ಕೆ ಊರುಗೋಲು ಆದವು. ಬಿಳಿ ತಲೆ ಚಂದ ಕಾಣುತ್ತದೆ ಎಂದು ಮೇಲೆ ಮಾಡಿ ನೆಟ್ಟಿದ್ದರು.

ನಮ್ಮ ಮೇಲೆ ಆಪತ್ತು ಬಂದದ್ದು ಅಲ್ಲಿಂದ.

ಸಾಹುಕಾರರ ಗುಮಾಸ್ತ ಪಾಂಡು ಒಂದು ಬೆಳಿಗ್ಗೆ ಕೊಪ್ಪಕ್ಕೆ ಬಂದ. ಕೈಯಲ್ಲಿ ಕೊಡೆ. ಚಪ್ಪರ ಚಪ್ಪರಕ್ಕೂ ಕೊಡೆಯ ತುದಿ ತಾಗಿಸಿ ಎಣಿಸಿದ. ಆಮೇಲೆ ನಮ್ಮ ಕೊಪ್ಪದ ಹಿರಿಯ ಹಮ್ಮ ಗೌಡರ ಅಂಗಳದಲ್ಲಿ ನಿಂತು ಮೆಲ್ಲಗೆ ಹೇಳಿದ.

"ಗೌಡ್ರೆ, ಇದು ಸರ್ಕಾರದ ಗೂಟ. ಕಿತ್ತವರಿಗೆ ಜೈಲು. ಹೆಂಗಸ್ರು ಅಂತ ಬಿಡೂದಿಲ್ಲ."

"ಕಿತ್ತದ್ದಲ್ಲ ಒಡ್ಯಾ, ಹಳ್ಳದಲ್ಲಿ ಬಿದ್ದಿದ್ದು..."

"ಪೊಲೀಸ್ರ ಎದುರಿಗೆ ಹೇಳಿ ಅದನ್ನ." ಪಾಂಡು ಕೊಡೆ ಮಡಚಿದ. "ಸಾಹುಕಾರ್ರು ನಿಮ್ಮ ಪಾಲಿಗೆ ಅದಾರೆ. ಬರೂ ಬುಧವಾರ ಸರ್ಕಾರದ ದೊಡ್ಡ ಸಾಹೇಬ್ರು ಬತ್ತರು. ಜಾಗ ಖುಷಿಯಿಂದ ಬಿಟ್ಟೆ ಅಂತ ಎಲ್ಲಾ ಮನೆಯವ್ರು ಹೆಬ್ಬೆಟ್ಟು ಒತ್ತಿ. ಕೇಸು ಇಲ್ಲ. ಗೂಟ ಮಾತ್ರ ಇವತ್ತೇ ಸುಟ್ಟುಬಿಡಿ."

ಓದು ಕಲಿತವರಿಗೆ ಈ ಮಾತು ನಗು ತರಬಹುದು. ನಮಗೆ ತರಲಿಲ್ಲ. ಸುಬ್ಬಿಯ ಗಂಡ, ನನ್ನ ಅಣ್ಣ ಶನಿಯಾರ, ಕಾಡಿನಿಂದ ಒಂದು ಹೊರೆ ಒಣಕಟ್ಟಿಗೆ ತಂದದ್ದಕ್ಕೆ ಮೂರು ದಿನ ಪೊಲೀಸ್ ಠಾಣೆಯಲ್ಲಿ ಕೂತು ಬಂದಿದ್ದ. ಬಂದವನು ಮತ್ತೆ ನೆಟ್ಟಗೆ ನಡೆಯಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಸತ್ತ. ಒಣಕಟ್ಟಿಗೆಗೆ ಹಾಗಾದರೆ ಸಂಖ್ಯೆ ಬರೆದ ಗೂಟಕ್ಕೆ ಹೇಗೆ?

ಕೊಪ್ಪದ ಒಲೆಗಳಲ್ಲಿ ಆವತ್ತು ಗೂಟ ಉರಿದವು. ಚಪ್ಪರ ಕುಸಿದು ಬಸಳೆ ನೆಲಕ್ಕೆ ಬಿತ್ತು. ಪಕ್ಕದ ಮನೆಯ ಕಮಲಿ ಗೂಟ ಸುಟ್ಟದ್ದಲ್ಲದೆ ಬೂದಿಯನ್ನೂ ಬುಟ್ಟಿಯಲ್ಲಿ ಹೊತ್ತು ಹೊಳೆಗೆ ಹಾಕಿ ಬಂದಳು. ಮಾರನೆಯ ದಿನ ಖಾಕಿ ಅಂಗಿ ಕಂಡು ಹೆಂಗಸರೆಲ್ಲ ಮಕ್ಕಳನ್ನು ಎಳೆದುಕೊಂಡು ಗದ್ದೆಗೆ ಓಡಿದರು. ಬಂದವನು ಟಪಾಲಿನವ. ದಾರಿ ಕೇಳಲು ಬಂದಿದ್ದನಂತೆ, ಪಾಪ. ಅವನು ಹೋದ ಮೇಲೂ ಯಾರೂ ಗದ್ದೆಯಿಂದ ಏಳಲಿಲ್ಲ. ಪೇಟೆಗೆ ಹೋಗುವುದು ನಿಂತಿತು. ಕಿತ್ತಿಟ್ಟ ಹರಿವೆ ಬುಟ್ಟಿಯಲ್ಲೇ ಬಾಡಿತು. ಯಾರಾದರೂ ಹೆಸರು ಹಿಡಿದು ಕರೆದರೆ ನಾನು ಹಿತ್ತಲಿಗೆ ಸರಿಯುತ್ತಿದ್ದೆ.

ಸುಬ್ಬಿ ಒಬ್ಬಳು ಸುಟ್ಟಿರಲಿಲ್ಲ. ನಾನು ಹೋದಾಗ ಚಪ್ಪರ ಬಿದ್ದಿತ್ತು. ಗೂಟ ಒಲೆಯಲ್ಲಿ ಇರಲಿಲ್ಲ. ಹುಲ್ಲಿನ ಗೊಣಬೆಯೊಳಗೆ ಕೈ ಹಾಕಿ ತೆಗೆದು ತೋರಿಸಿದಳು.

"ಸುಡು ಅತ್ಗೆ. ಕೈ ಮುಗೀತೆ."

"ಸುಡೂಕೆ ಒಲೆ ಹತ್ರ ಹೋದೆ. ಆಮೇಲೆ ಒಂದು ಮಾತು ತಲೆಗೆ ಬಂತು. ಕಳವು ಅಂತ ಹೇಳ್ದವ, ಕಳವಿನ ಸಾಮಾನು ಸುಟ್ಟುಬಿಡಿ ಅಂತ ಹೇಳ್ತನಾ? ಪೊಲೀಸ್ರು ತಂದು ಕೊಡಿ ಅಂತರೆ. ಇವ ಸುಡಿ ಅಂತ." ಗೂಟವನ್ನು ನನ್ನ ಮುಖಕ್ಕೆ ಹಿಡಿದಳು. "ನೀ ಹೊಡ್ದದ್ದಲ್ಲನಾ ಇದು? ಎಲ್ಲಿ ಹೊಡ್ದಿದ್ದೆ?"

ನಾನು ಅಂಗಳ ದಾಟಲು ಹೊರಟೆ.

"ನಿನ್ನ ಅಣ್ಣನ ಮೇಲೆ ಆಣೆ ಮಾಬ್ಲಾ."

ಹೇಳಿದೆ. ಚಾ, ಬಿಸಿಲು, ಮೊದಲಿನ ಹನ್ನೆರಡು ಗೂಟ, ಎಲ್ಲ. ವಾಚಮನ್ ಕೆಲಸದ ಮಾತನ್ನೂ ಹೇಳಿದೆ. ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಇದು ಎಷ್ಟನೇದು?"

"ಒಂಬತ್ತು. ತುದಿ ಮೊಂಡಾಗದೆ ನೋಡು, ಹೊಡೆಯೂವಾಗ ಎಣಿಸಿದ್ದೆ. ಹಂಚಿನ ರಾಶಿ ಮಗ್ಗುಲಿಗೆ, ಕಲ್ಲುನೆಲ. ಇಳಿಯೂಕೆ ಕೇಳಿರಲಿಲ್ಲ."

"ಕಲ್ಲುನೆಲ ಆದ್ರೆ ತೂತು ಮುಚ್ಚಿರೂದಿಲ್ಲ" ಅಂದಳು ಸುಬ್ಬಿ.

ಬುಧವಾರ ವಖಾರಿಯ ಅಂಗಳದಲ್ಲಿ ಮೇಜು ಹಾಕಿದ್ದರು. ದೊಡ್ಡ ಸಾಹೇಬರು ನಡುವೆ, ಒಂದು ಬದಿಗೆ ಸಾಹುಕಾರರು, ಇನ್ನೊಂದು ಬದಿಗೆ ಓವರ್‌ಸಿಯರ್. ಎದುರಿಗೆ ಕಾಗದ, ಶಾಯಿ ಪ್ಯಾಡು. ಕೊಪ್ಪದವರೆಲ್ಲ ಗೋಡೆಗೆ ಒತ್ತಿ ನಿಂತಿದ್ದರು. ಗೇಟಿನ ಹೊರಗೆ ಇಬ್ಬರು ಪೊಲೀಸರು ಬೀಡಿ ಸೇದುತ್ತಿದ್ದರು. ಅವರನ್ನು ಯಾಕೆ ಕರೆಸಿದ್ದರೋ, ಅವರಿಗೂ ಗೊತ್ತಿರಲಿಕ್ಕಿಲ್ಲ. ನಾವಂತೂ ಅವರ ಬೀಡಿಯ ಹೊಗೆ ಕಂಡರೂ ಗೋಡೆಗೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದೆವು.

ಪಾಂಡು ಮೊದಲ ಹೆಸರು ಕರೆದ. "ಶನಿಯಾರನ ಹೆಂಡ್ತಿ ಸುಬ್ಬಿ."

ಸುಬ್ಬಿ ಹರಿವೆಯ ಬುಟ್ಟಿ ಹೊತ್ತೇ ಬಂದಿದ್ದಳು. ಮೇಜಿನ ಎದುರಿಗೆ ಇಳಿಸಿ, ಸೊಪ್ಪಿನ ಅಡಿಯಿಂದ ಗೂಟ ತೆಗೆದು ಶಾಯಿ ಪ್ಯಾಡಿನ ಪಕ್ಕಕ್ಕೆ ಇಟ್ಟಳು.

ಪಾಂಡು ಬೆಪ್ಪಾದ. ಓವರ್‌ಸಿಯರ್ ಕನ್ನಡಕ ತೆಗೆದು ಒರೆಸತೊಡಗಿದ.

"ಎಂತದು ಇದು?" ಸಾಹೇಬರು ಕೇಳಿದರು.

"ನಿಂಗಳ ಗೂಟ ಒಡ್ಯಾ. ಹಳ್ಳದಲ್ಲಿ ಬಿದ್ದಿತ್ತು, ನಾ ತಕಂಡೆ. ಜೈಲಿಗೆ ಹಾಕೂದಾದ್ರೆ ಹಾಕಿ." ಗೂಟವನ್ನು ಸಾಹೇಬರ ಕಡೆ ಸರಿಸಿದಳು. "ಆದ್ರೆ ಹಳ್ಳಕ್ಕೆ ಬೀಳೂಕೆ ಮುಂಚೆ ಇದು ಎಲ್ಲಿತ್ತು ಅಂತ ಕೇಳಿ. ಹೊಡ್ದವ ಇಲ್ಲೇ ಅದಾನೆ."

ಎಲ್ಲರೂ ನನ್ನನ್ನು ನೋಡಿದರು. ಸಾಹುಕಾರರೂ ನೋಡಿದರು. "ಮಾಬ್ಲಾ, ನೀನು ಬುದ್ಧಿವಂತ" ಅಂದರು.

ಓಡಿಬಿಡೋಣ ಅನ್ನಿಸಿತು. ಗೇಟಿನಲ್ಲಿ ಪೊಲೀಸರಿದ್ದರು, ಅದಕ್ಕೇ ಓಡಲಿಲ್ಲ. ಧೈರ್ಯದಿಂದ ಎಂದು ಹೇಳಿಕೊಳ್ಳಲಾರೆ. ಗೂಟ ಎತ್ತಿಕೊಂಡು ಹಂಚಿನ ರಾಶಿಯ ಕಡೆ ನಡೆದೆ. ತೂತು ಇದ್ದ ಜಾಗದ ಮೇಲೆ ಹೊಸದಾಗಿ ಹಂಚು ಪೇರಿಸಿದ್ದರು. ನಾನು ಒಂದು ಹಂಚು ತೆಗೆದೆ. ಇನ್ನೊಂದು ತೆಗೆದೆ. ಕಮಲಿ ಬಂದು ಪಕ್ಕದಲ್ಲಿ ಕೂತು ತೆಗೆಯತೊಡಗಿದಳು. ಆಮೇಲೆ ನಮ್ಮ ಕೊಪ್ಪದ ನಾಗಮ್ಮ. ಆಮೇಲೆ ಹಮ್ಮ ಗೌಡರು, ಆ ವಯಸ್ಸಿನಲ್ಲಿ.

"ಹಂಚು ಒಡೆದ್ರೆ ನೋಡಿ" ಅಂತ ಪಾಂಡು ಕೂಗಿದ. ಒಂದೂ ಒಡೆಯಲಿಲ್ಲ. ಬೇರೆಯವರ ಸಾಮಾನು ಹುಷಾರಾಗಿ ಹಿಡಿಯುವುದು ನಮಗೆ ಹುಟ್ಟಿದಾಗಿನಿಂದ ರೂಢಿ.

ತೂತು ಹಾಗೇ ಇತ್ತು. ಗೂಟ ಇಟ್ಟು, ಬಿದ್ದಿದ್ದ ಕಲ್ಲಿನಿಂದ ಮೂರು ಪೆಟ್ಟು ಹಾಕಿದೆ. ಕುತ್ತಿಗೆಯ ತನಕ ಇಳಿದು ನಿಂತಿತು. ಈ ಸಲ ಹೊಡೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಸಾಹೇಬರು ಬಂದು ಬಗ್ಗಿ ಸಂಖ್ಯೆ ನೋಡಿದರು. "ಅಳತೆ ಪುಸ್ತಕ ಕೊಡಿ" ಅಂದರು.

"ಮನೆಯಲ್ಲೇ ಉಳೀತು ಸಾರ್" ಅಂದ ಓವರ್‌ಸಿಯರ್.

ಸಾಹೇಬರು ಸಾಹುಕಾರರ ಮುಖ ನೋಡಿದರು, ಕೈಗಡಿಯಾರ ನೋಡಿದರು. "ಆಯ್ತು, ಇವತ್ತು ಬೇಡ. ಇನ್ನೊಂದು ದಿನ ನೋಡೋಣ" ಎಂದು ಜೀಪಿನ ಕಡೆ ತಿರುಗಿದರು.

"ಕೀಳ್ರೋ ಅದನ್ನ" ಅಂದರು ಸಾಹುಕಾರರು ತಮ್ಮ ಆಳುಗಳಿಗೆ.

ಸುಬ್ಬಿ ಬುಟ್ಟಿ ಎತ್ತಿ ತಂದು ಗೂಟದ ಪಕ್ಕಕ್ಕೆ ಇಟ್ಟಳು. ಪೇಟೆಯಲ್ಲಿ ಕೂರುವ ಹಾಗೆ ಸೀರೆ ಒತ್ತರಿಸಿ ಕೂತಳು. "ಪುಸ್ತಕ ತರೂಕೆ ಕಳ್ಸಿ ಒಡ್ಯಾ. ಮನೆ ಎಲ್ಲಿ ದೂರ ಅದೆ? ನಾ ಇಲ್ಲೇ ಕೂತಿರ್ತೆ" ಅಂದಳು. ಕಮಲಿ ಅವಳ ಮಗ್ಗುಲಿಗೆ ಕೂತಳು. ಒಬ್ಬೊಬ್ಬರೇ ಕೂತರು. ಅಂಗಳದಲ್ಲಿ ಜೀಪು ತಿರುಗಿಸಲು ಜಾಗ ಉಳಿಯಲಿಲ್ಲ.

ಡ್ರೈವರ್ ಹಾರ್ನ್ ಹೊಡೆದ. ಸುಬ್ಬಿ ಬಾಡಿದ ಎಲೆ ಆರಿಸಿ ಬಿಸಾಡುತ್ತ, ಹರಿವೆಯನ್ನು ಕಟ್ಟು ಕಟ್ಟತೊಡಗಿದಳು. ನಾನೂ ಹೋಗಿ ಅವಳ ಪಕ್ಕದಲ್ಲಿ ಕೂತೆ.